ಕೋಳಿಗೆ ತಿಳಿಯದ ಖಾರ

ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಬನ್. ಅದರ ನಡುವೆ ಗರಿಗರಿಯಾಗಿ ಕರಿದು, ಮೇಲೆ ಕೆಂಪಗೆ ಖಾರದೆಣ್ಣೆ ಬಳಿದ ಕೋಳಿ ತುಂಡು. ಜೊತೆಗೆ ವಿನೆಗರ್‌ನಲ್ಲಿ ನೆನೆದ ಎರಡು ಸೌತೆಕಾಯಿ ಬಿಲ್ಲೆ. ಸ್ಲೈಡರ್ ಎಂದು ಕರೆಯುವ ಈ ಕಿರುಬರ್ಗರನ್ನು ಅಮೆರಿಕದ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಒಂಟಿಯಾಗಿ ತಿನ್ನುವವರು ಕಡಿಮೆ. ಟ್ರೇ ತುಂಬ ತರಿಸಿಕೊಂಡು ನಾಲ್ಕು ಜನ ಸುತ್ತ ಕೂರುತ್ತಾರೆ. ಆ ಮೇಜನ್ನು ಹತ್ತು ನಿಮಿಷ ಗಮನಿಸಿದರೆ ಸಾಕು, ಒಂದು ಒಗಟು ಕಣ್ಣಿಗೆ ಬೀಳುತ್ತದೆ. ಎ.ಸಿ. ಹಾಕಿದ ಕೋಣೆಯಲ್ಲೂ ಒಬ್ಬನ ನೆತ್ತಿ ಬೆವರುತ್ತಿದೆ. ಇನ್ನೊಬ್ಬಳು ಐಸ್ ನೀರನ್ನು ಬಾಯಲ್ಲಿಟ್ಟುಕೊಂಡಿರುವಷ್ಟು ಹೊತ್ತು ಸುಖವಾಗಿದ್ದು, ನುಂಗಿದ ಕೂಡಲೇ ಮತ್ತೆ ಉಸ್ಸೆನ್ನುತ್ತಾಳೆ. ಮೂರನೆಯವನು ಕೋಲಾ ಹೀರಿದ್ದಾನೆ, ಅದರಿಂದ ಲಾಭವಾದಂತೆ ಕಾಣುವುದಿಲ್ಲ. ಹರಟೆಯಲ್ಲಿ ಮೈಮರೆತ ನಾಲ್ಕನೆಯವರು ತಣ್ಣಗಾದ ಬನ್ ಕಚ್ಚಿ, "ಅಂಥಾ ಖಾರ ಏನಿಲ್ಲಪ್ಪ" ಎನ್ನುತ್ತಾರೆ.

ನಾಲ್ವರೂ ತಿಂದದ್ದು ಒಂದೇ ಬಾಣಲೆಯ ಕೋಳಿ, ಒಂದೇ ಪಾತ್ರೆಯ ಖಾರದೆಣ್ಣೆ.

ಮಿರ್ಚಿ ಬಜ್ಜಿ ತಿಂದು ಬೆಳೆದ ನಮಗೆ ಈ ಒಗಟು ಅರ್ಧ ಗೊತ್ತಿರುವುದೇ. ಬಾಣಲೆಯಿಂದ ಎತ್ತಿದ ಬಜ್ಜಿ ಕಣ್ಣಲ್ಲಿ ನೀರು ತರಿಸುತ್ತದೆ. ಅದೇ ಬಜ್ಜಿ ಆರಿದ ಮೇಲೆ ಸಾಧು ಪ್ರಾಣಿ. ಈ ಮಧ್ಯೆ ಮೆಣಸಿನಕಾಯಿಯೊಳಗಿನ ಖಾರ ಎಲ್ಲಿಗೂ ಹೋಗಿರುವುದಿಲ್ಲ. ಹಾಗಿದ್ದರೆ ಇಳಿದದ್ದು ಏನು?

ಸೇಡಿಗೆ ಹುಟ್ಟಿದ ತಿಂಡಿ

ಉತ್ತರಕ್ಕೆ ಹೋಗುವ ಮುನ್ನ ಈ ತಿಂಡಿಯ ಊರಿಗೊಮ್ಮೆ ಹೋಗಿ ಬರೋಣ. ಖಾರದ ಕರಿದ ಕೋಳಿ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದ್ದು. ಅಲ್ಲಿನ ಕಪ್ಪುಜನರ ಬಡಾವಣೆಗಳಲ್ಲಿ 1930ರ ದಶಕದಿಂದ ಬಂದದ್ದು. ಥಾರ್ನ್‌ಟನ್ ಪ್ರಿನ್ಸ್ ಎಂಬ ರಸಿಕ ಒಂದು ಶನಿವಾರ ತಡರಾತ್ರಿಯವರೆಗೂ ಮನೆ ಸೇರಲಿಲ್ಲವಂತೆ. ಸಿಟ್ಟಾದ ಗೆಳತಿ ಮರುಬೆಳಿಗ್ಗೆ ಅವನ ಪಾಲಿನ ಕರಿದ ಕೋಳಿಗೆ ಕೈಗೆ ಸಿಕ್ಕಷ್ಟು ಖಾರದ ಪುಡಿ ಸುರಿದಳಂತೆ. ಅವನು ಒದ್ದಾಡುವ ಬದಲು ಇನ್ನೊಂದು ತುಂಡು ಕೇಳಿದ. ಆಮೇಲೆ ಅದನ್ನೇ ಮಾರಲು ಅಂಗಡಿ ತೆರೆದ. ಮನೆತನದವರು ಹೇಳಿಕೊಂಡು ಬಂದ ಕಥೆ ಇದು. ಕಥೆಯಲ್ಲಿ ಗಂಡಸಿನ ಹೆಸರು ಉಳಿಯಿತು, ನಿಜವಾದ ಸಂಶೋಧಕಿಯ ಹೆಸರು ಉಳಿಯಲಿಲ್ಲ. ವಿಜ್ಞಾನದ ಚರಿತ್ರೆಯಲ್ಲೂ ಇಂಥವು ಬೇಕಾದಷ್ಟಿವೆ. ಅಂಗಡಿಯನ್ನು 1980ರಲ್ಲಿ ವಹಿಸಿಕೊಂಡು ಹೆಸರುವಾಸಿ ಮಾಡಿದವರು ಅದೇ ಮನೆತನದ ಆಂಡ್ರೆ ಪ್ರಿನ್ಸ್ ಜೆಫ್ರೀಸ್ ಎಂಬ ಮಹಿಳೆ ಎನ್ನುವುದಷ್ಟೇ ಸಮಾಧಾನ.

ಪುಟ್ಟ ಬರ್ಗರಿನ ಕಥೆ ಬೇರೆ. 1921ರಲ್ಲಿ ಕ್ಯಾನ್ಸಸ್‌ನ ವಿಚಿಟಾ ಊರಿನಲ್ಲಿ ಶುರುವಾದ ವೈಟ್ ಕ್ಯಾಸಲ್ ಅಂಗಡಿ ಐದು ಸೆಂಟಿಗೊಂದರಂತೆ ಚಿಕ್ಕ ಚೌಕಾಕಾರದ ಬರ್ಗರ್ ಮಾರುತ್ತಿತ್ತು. ಈ ಎರಡು ದಾರಿಗಳು ಕೂಡಿದ್ದು ಇತ್ತೀಚೆಗೆ. 2017ರಲ್ಲಿ ಲಾಸ್ ಏಂಜಲೀಸಿನ ಪಾರ್ಕಿಂಗ್ ಜಾಗವೊಂದರಲ್ಲಿ ಗೆಳೆಯರು ಸೇರಿ ತೆರೆದ ಡೇವ್ಸ್ ಹಾಟ್ ಚಿಕನ್ ಈಗ ದೊಡ್ಡ ಸರಣಿ. ಅಲ್ಲಿನ ಕೋಳಿ ಸ್ಲೈಡರಿಗೆ ಖಾರವಿಲ್ಲದ್ದರಿಂದ ಹಿಡಿದು 'ರೀಪರ್'ವರೆಗೆ ಏಳು ಮೆಟ್ಟಿಲಿವೆ.

ನಾಲಿಗೆಗೆ ಹೊರತಾದದ್ದು

ಷಡ್ರಸಗಳಲ್ಲಿ ಖಾರವನ್ನೂ ಸೇರಿಸಿ ಎಣಿಸುವ ನಮಗೆ ಇದನ್ನು ಒಪ್ಪುವುದು ಕಷ್ಟ: ಖಾರ ರುಚಿಯೇ ಅಲ್ಲ. ಸಕ್ಕರೆಯನ್ನು ಮೊಣಕೈಗೆ ತಿಕ್ಕಿದರೆ ಸಿಹಿ ತಿಳಿಯುವುದಿಲ್ಲ. ಮೆಣಸಿನಕಾಯಿ ಹೆಚ್ಚಿದ ಕೈ ಮಾತ್ರ ರಾತ್ರಿಯವರೆಗೂ ಉರಿಯುತ್ತದೆ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರಂತೂ ಮುಗಿಯಿತು. ಕಣ್ಣಿನಲ್ಲಿ ರುಚಿಮೊಗ್ಗುಗಳಿಲ್ಲ, ಅಂಗೈಯಲ್ಲೂ ಇಲ್ಲ. ಅಲ್ಲೆಲ್ಲ ಇರುವುದು ನೋವು, ಬಿಸಿ, ತಂಪುಗಳನ್ನು ಮಿದುಳಿಗೆ ಮುಟ್ಟಿಸುವ ನರದ ತುದಿಗಳು. ಖಾರ ಮಾತಾಡುವುದು ಈ ನರಗಳ ಜೊತೆ. 1878ರಷ್ಟು ಹಿಂದೆಯೇ ಹಂಗೇರಿಯ ವೈದ್ಯವಿಜ್ಞಾನಿ ಎಂಡ್ರೆ ಹೋಗ್ಯೆಶ್, ಮೆಣಸಿನಕಾಯಿ ಸತ್ವದ ಪರಿಣಾಮವೆಲ್ಲ ಸಂವೇದನೆಯ ನರಗಳ ಮೂಲಕವೇ ಎಂದು ಗುರುತಿಸಿದ್ದರು. ಊಟದಲ್ಲಿ ಖಾರ ಕಡಿಮೆಯಾದರೆ ಕೊರಗುವ ದೇಶದಲ್ಲಿ ಈ ಕೆಲಸ ನಡೆದದ್ದು ಆಕಸ್ಮಿಕವಲ್ಲ. ಹಂಗೇರಿಯವರ ಅಡುಗೆಯಲ್ಲಿ ಕೆಂಪು ಮೆಣಸಿನಕಾಯಿ ಪುಡಿಗೆ ನಮ್ಮಲ್ಲಿರುವಷ್ಟೇ ಮರ್ಯಾದೆ.

ಆ ಸತ್ವದ ಹೆಸರು ಕ್ಯಾಪ್ಸೈಸಿನ್. ಅದು ತಯಾರಾಗುವುದು ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜವೇ ಖಾರವೆಂದು ನಾವು ತಿಳಿದಿರುವುದು ಈ ತಿರುಳು ಅದಕ್ಕೆ ಮೆತ್ತಿಕೊಂಡಿರುವುದರಿಂದ. ಕೆಂಪು ಬಣ್ಣಕ್ಕೂ ಖಾರಕ್ಕೂ ನಂಟಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೇ ಇದಕ್ಕೆ ಸಾಕ್ಷಿ: ಸಾರಿಗೆ, ಮಸಾಲೆಗೆ ಅಷ್ಟು ಗಾಢ ಕೆಂಪು ಕೊಡುವ ಕಾಯಿ, ಖಾರದಲ್ಲಿ ಗುಂಟೂರಿನದಕ್ಕಿಂತ ಎಷ್ಟೋ ಸೌಮ್ಯ. ಹಾಗಾಗಿ ಸ್ಲೈಡರಿನ ಬಣ್ಣ ನೋಡಿ ಹೆದರುವುದೂ ತಪ್ಪು, ಧೈರ್ಯ ತಂದುಕೊಳ್ಳುವುದೂ ತಪ್ಪು.

ಕಾಯಿಯ ಖಾರವನ್ನು ಅಂಕಿಗೆ ಇಳಿಸಿದವನು ಅಮೆರಿಕದ ಔಷಧತಜ್ಞ ವಿಲ್ಬರ್ ಸ್ಕೋವಿಲ್. 1912ರಲ್ಲಿ ಅವನು ಮಾಡಿದ್ದು ಸರಳ ಕೆಲಸ. ಮೆಣಸಿನಕಾಯಿ ಸತ್ವವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗಿ, ರುಚಿ ನೋಡುವವರಿಗೆ ಖಾರ ತಿಳಿಯದಂತಾಗಲು ಎಷ್ಟು ಪಾಲು ನೀರು ಬೇಕಾಯಿತೆಂದು ಲೆಕ್ಕ ಇಟ್ಟ. ಈಗ ಯಂತ್ರ ಅಳೆಯುತ್ತದೆ, ಆದರೂ ಅಂಕಿಗೆ ಅವನದೇ ಹೆಸರು. ನ್ಯಾಶ್‌ವಿಲ್‌ನವರು ಬಳಸುವ ಕೆಯೆನ್ ಮೆಣಸಿನಕಾಯಿ ಸುಮಾರು 30,000ದಿಂದ 50,000. ಏಳನೆಯ ಮೆಟ್ಟಿಲಿಗೆ ಹೆಸರು ಕೊಟ್ಟ ಕ್ಯಾರೊಲಿನಾ ರೀಪರ್ ಸರಾಸರಿ 16 ಲಕ್ಷ ದಾಟುತ್ತದೆ.

ಮಿನುಗಿದ ಕೋಶ

ಕ್ಯಾಪ್ಸೈಸಿನ್ ನರವನ್ನು ಹೇಗೆ ಮುಟ್ಟುತ್ತದೆ ಎನ್ನುವುದು ಮಾತ್ರ ನೂರಕ್ಕೂ ಹೆಚ್ಚು ವರ್ಷ ಗುಟ್ಟಾಗಿಯೇ ಉಳಿಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಜೂಲಿಯಸ್ ಈ ಗುಟ್ಟಿನ ಬೆನ್ನು ಹತ್ತಿದ್ದರು. ಅವರೂ ಸಹೋದ್ಯೋಗಿ ಮೈಕೆಲ್ ಕ್ಯಾಟರಿನಾ ಮತ್ತಿತರರೂ ಹಿಡಿದ ದಾರಿ ಹಟಮಾರಿಯದು, ಆದರೆ ಸೊಗಸಾದದ್ದು.

ನೋವು ತಿಳಿಯುವ ನರಕೋಶಗಳಲ್ಲಿ ಕೆಲಸ ಮಾಡುವ ಜೀನ್‌ಗಳನ್ನು ಇಲಿ ಜಾತಿಯ ಪ್ರಾಣಿಗಳಿಂದ ಸಾವಿರಾರು ಸಂಖ್ಯೆಯಲ್ಲಿ ಸಂಗ್ರಹಿಸಿದರು. ಅವನ್ನು ಗುಂಪು ಗುಂಪಾಗಿ ಮೂತ್ರಪಿಂಡದ ಕೋಶಗಳೊಳಗೆ ಸೇರಿಸಿದರು. ಮೂತ್ರಪಿಂಡದ ಕೋಶಕ್ಕೆ ಖಾರದ ಗಂಧಗಾಳಿಯೇ ಇಲ್ಲ. ಅದನ್ನು ಆರಿಸಿದ್ದೂ ಅದಕ್ಕೇ. ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದರೆ ಮಿನುಗುವ ಬಣ್ಣವೊಂದನ್ನು ಮೊದಲೇ ತುಂಬಿಟ್ಟಿದ್ದರು. ಆಮೇಲೆ ತಟ್ಟೆ ತಟ್ಟೆಗೂ ಕ್ಯಾಪ್ಸೈಸಿನ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತರು. ತಟ್ಟೆಗಳೆಲ್ಲ ಕತ್ತಲು. ಕೊನೆಗೊಂದು ತಟ್ಟೆಯಲ್ಲಿ ಬೆರಳೆಣಿಕೆಯ ಕೋಶಗಳು ಬೆಳಗಿದವು. ಆ ಗುಂಪಿನ ಜೀನ್‌ಗಳನ್ನು ಮತ್ತೆ ಪಾಲು ಮಾಡಿ, ಮತ್ತೆ ಹನಿಸಿ, ಹೀಗೆ ಸೋಸುತ್ತ ಹೋದಾಗ ಕೈಯಲ್ಲಿ ಉಳಿದದ್ದು ಒಂದೇ ಒಂದು ಜೀನ್.

ಅದು ತಯಾರಿಸುವ ಪ್ರೋಟೀನ್ ನರದ ಗೋಡೆಯಲ್ಲಿ ಕೂತ ಒಂದು ಕಿಂಡಿ. ಶಾಸ್ತ್ರದಲ್ಲಿ ಅದಕ್ಕೆ ಟಿಆರ್‌ಪಿವಿ1 ಎಂಬ ನಾಲಿಗೆ ಹೊರಳದ ಹೆಸರಿದೆ. ನಾವು ಬಿಸಿಗಿಂಡಿ ಎಂದು ಕರೆಯೋಣ. ಯಾಕೆ ಖಾರಗಿಂಡಿ ಎನ್ನದೆ ಬಿಸಿಗಿಂಡಿ ಎಂದೆ? ಆ ತಂಡದ ಮುಂದಿನ ಪ್ರಯೋಗದಿಂದಾಗಿ. ಮೆಣಸಿನಕಾಯಿಯ ಸೋಂಕೂ ಇಲ್ಲದ ತಟ್ಟೆಯನ್ನು ಅವರು ಸುಮ್ಮನೆ ಕಾಯಿಸಿದರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕಿಂಡಿ ತಾನಾಗಿಯೇ ತೆರೆದುಕೊಂಡಿತು! ಸ್ನಾನದ ನೀರು ಹಿತವಾದ ಬಿಸಿಯಿಂದ 'ಅಯ್ಯೋ, ಸುಡುತ್ತೆ' ಎನ್ನುವ ಬಿಸಿಗೆ ದಾಟುವುದೂ ಹೆಚ್ಚುಕಡಿಮೆ ಅಲ್ಲೇ. ಮೈ ಸುಡುವ ಅಪಾಯವನ್ನು ತಿಳಿಸುವ ಅಂಗವನ್ನೇ ಮೆಣಸಿನಕಾಯಿ ಹಿಡಿದು ಅಲುಗಿಸುತ್ತಿತ್ತು. 1997ರಲ್ಲಿ ಪ್ರಕಟವಾದ ಈ ಶೋಧಕ್ಕಾಗಿ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಂತು. ಸ್ಪರ್ಶದ ಕಿಂಡಿಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅದರಲ್ಲಿ ಪಾಲುದಾರರು.

ಕುಕ್ಕರಿನ ವೆಯ್ಟ್

ಇನ್ನು ಒಗಟು ಬಿಡಿಸುವುದು ಕಷ್ಟವಲ್ಲ. ಅಡುಗೆಮನೆಯ ಕುಕ್ಕರನ್ನು ನೆನೆಯಿರಿ. ಮುಚ್ಚಳದ ಮೇಲೆ ವೆಯ್ಟ್ ಕೂತಿರುತ್ತದೆ. ಒಳಗಿನ ಆವಿಯ ಒತ್ತಡ ಒಂದು ಮಟ್ಟಕ್ಕೆ ಏರಿದಾಗ ಅದು ವೆಯ್ಟನ್ನು ಎತ್ತಿ ಕೂಗುತ್ತದೆ. ನಮ್ಮ ಬಿಸಿಗಿಂಡಿಯ ವೆಯ್ಟ್ 43 ಡಿಗ್ರಿಗೆ ಎತ್ತಿಕೊಳ್ಳುವಂಥದ್ದು. ಬಾಯೊಳಗಿನ ಬಿಸಿ ಯಾವಾಗಲೂ 36–37 ಡಿಗ್ರಿಯ ಹತ್ತಿರ ಇದ್ದರೂ ಅದು ಕೂಗದೆ ಸುಮ್ಮನಿರುವುದು ಇದರಿಂದ.

ಕ್ಯಾಪ್ಸೈಸಿನ್ ಮಾಡುವುದು ಇಷ್ಟೇ: ಆ ವೆಯ್ಟನ್ನು ಹಗುರ ಮಾಡುತ್ತದೆ. ಒಲೆಯ ಉರಿಯನ್ನು ಅದು ಒಂದಿಷ್ಟೂ ಏರಿಸುವುದಿಲ್ಲ. ಆದರೆ ವೆಯ್ಟ್ ಎಷ್ಟು ಹಗುರಾಗುತ್ತದೆಂದರೆ, ಮೈಬಿಸಿಯೇ ಅದನ್ನು ಎತ್ತಲು ಸಾಕಾಗುತ್ತದೆ. ಕಿಂಡಿ ತೆರೆದು ಕ್ಯಾಲ್ಸಿಯಂ, ಸೋಡಿಯಂ ಒಳನುಗ್ಗುತ್ತವೆ, ನರ ಕೂಗುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಕೂಗು, 'ಸುಡುತ್ತಿದೆ' ಎಂಬುದು. ಮಿದುಳು ಅದನ್ನು ನಂಬಿ, ಸುಡುವಾಗ ಮಾಡಬೇಕಾದದ್ದನ್ನೆಲ್ಲ ಮಾಡುತ್ತದೆ. ಮುಖಕ್ಕೆ ರಕ್ತ ಹರಿಸಿ ಕೆಂಪೇರಿಸುತ್ತದೆ, ನೆತ್ತಿ ಬೆವರಿಸುತ್ತದೆ, ಮೂಗು ಕಣ್ಣುಗಳಲ್ಲಿ ನೀರು ಹರಿಸಿ ತೊಳೆಯಲು ನೋಡುತ್ತದೆ. ಸ್ಲೈಡರ್ ತಿಂದು ಬಾಯಿ ಉರಿಯುತ್ತಿದೆ ಎನ್ನುವಾಗ ನಿಮ್ಮನ್ನು ಉರಿಸುತ್ತಿರುವುದು ನಿಮ್ಮದೇ ಮೈಯ ಬಿಸಿ.

ಬಿಸಿ ಬಜ್ಜಿಯ ಗುಟ್ಟೂ ಇಲ್ಲೇ ಇದೆ. ವೆಯ್ಟ್ ಹಗುರಾಗಿರುವಾಗಲೇ 55–60 ಡಿಗ್ರಿಯ ಕೋಳಿ ಬಾಯಿಗೆ ಬಂದರೆ ವೆಯ್ಟೂ ಇಳಿಯಿತು, ಉರಿಯೂ ಏರಿತು. ಆರಿದ ತುಂಡಿನಲ್ಲಿ ಖಾರ ಅಷ್ಟೇ ಇದ್ದರೂ ಉರಿಯ ಪಾಲು ಇಲ್ಲ. ನಮ್ಮ ನಾಲ್ಕನೆಯ ಅತಿಥಿಯ ಶೌರ್ಯಕ್ಕೆ ಕಾರಣ ಅವರ ಹರಟೆ.

ಹುಳಿಯೂ ಇದೇ ವೆಯ್ಟನ್ನು ತಕ್ಕಮಟ್ಟಿಗೆ ಹಗುರ ಮಾಡುತ್ತದೆ. ಗಾಯಕ್ಕೆ, ಬಾಯಿಹುಣ್ಣಿಗೆ ನಿಂಬೆರಸ ಸೋಕಿದಾಗ ಉರಿಯುವುದರಲ್ಲಿ ಈ ಕಿಂಡಿಯ ಕೈವಾಡವೂ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಕೋಲಾ ವಿಷಯಕ್ಕೆ ಬೇಕಾಗುತ್ತದೆ.

ಎಣ್ಣೆಯ ಕೈಚಳಕ

ನ್ಯಾಶ್‌ವಿಲ್ ಅಡುಗೆಯವರು ಖಾರವನ್ನು ಹಿಟ್ಟಿಗೆ ಬೆರೆಸಿ ಸುಮ್ಮನಾಗುವುದಿಲ್ಲ. ಕೋಳಿ ಬಾಣಲೆಯಿಂದ ಬಂದ ಮೇಲೆ, ಬಿಸಿ ಎಣ್ಣೆಗೋ ಹಂದಿಯ ಕೊಬ್ಬಿಗೋ ಕೆಯೆನ್ ಪುಡಿ ಕಲಸಿ ಕುಂಚದಲ್ಲಿ ಬಳಿಯುತ್ತಾರೆ. ಗರಿಗರಿ ಹೊದಿಕೆಯ ಬಿರುಕುಗಳಲ್ಲೆಲ್ಲ ಅದು ಇಳಿದು ನಿಲ್ಲುತ್ತದೆ, ಕೆಳಗಿನ ಬನ್ ಮಿಕ್ಕದ್ದನ್ನು ಹೀರಿಕೊಂಡು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಸಾಯನ ಶಾಸ್ತ್ರ ಓದದೆಯೂ ಅವರು ಹಿಡಿದ ಹಾದಿ ಸರಿಯಾದದ್ದು. ಕ್ಯಾಪ್ಸೈಸಿನ್ ನೀರಿಗೆ ಬೆರೆಯಲು ಒಲ್ಲದು, ಎಣ್ಣೆಗೆ ಚೆನ್ನಾಗಿ ಬೆರೆಯುತ್ತದೆ; ನಮ್ಮ ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಎಣ್ಣೆಗೆ ಬೀಳುವುದೂ ಹೀಗೆಯೇ ಸಾರ್ಥಕವಾಗುತ್ತದೆ. ಕರಿಯುವ ಬಿಸಿಗೂ ಅದು ಜಗ್ಗುವುದಿಲ್ಲ.

ಇಲ್ಲೊಂದು ತಿರುವಿದೆ. ಎಣ್ಣೆಯಲ್ಲಿದ್ದರೆ ಖಾರ ಹೆಚ್ಚು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅಷ್ಟೇ ಕ್ಯಾಪ್ಸೈಸಿನ್ ಅನ್ನು ನೀರಿನ ದ್ರವದಲ್ಲೂ ಎಣ್ಣೆಯಲ್ಲೂ ಕೊಟ್ಟು ಪರೀಕ್ಷಿಸಿದಾಗ ಎಣ್ಣೆಯದೇ ಮಂದವಾಗಿ ತಿಳಿಯುತ್ತದೆ. ತನಗೆ ಒಗ್ಗಿದ ಎಣ್ಣೆಯನ್ನು ಬಿಟ್ಟು ನಾಲಿಗೆಯ ಒದ್ದೆ ಮೈಗೆ ಇಳಿಯಲು ಅದಕ್ಕೆ ಅವಸರವಿಲ್ಲ. ಖಾರದ ಸಾರು ಥಟ್ಟನೆ ನೆತ್ತಿಗೇರಿದರೆ, ಕರಿದ ಕೋಳಿ ಮೊದಲ ತುತ್ತಿಗೆ ಮೋಸ ಮಾಡುತ್ತದೆ. 'ಇಷ್ಟೇನಾ' ಎಂದು ಎರಡನೆಯ ಸ್ಲೈಡರಿಗೆ ಕೈ ಹಾಕುವ ಹೊತ್ತಿಗೆ ಮೊದಲನೆಯದರ ಎಣ್ಣೆ ಬಾಯ ತುಂಬ ಹರಡಿ ತನ್ನ ಸರಕು ಇಳಿಸುತ್ತಿರುತ್ತದೆ. ಹಂಚಿ ತಿನ್ನುವ ಟ್ರೇಗಳ ಮುಂದೆ ಪಂದ್ಯ ಕಟ್ಟಿ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಈ ಎರಡನೆಯ ತುತ್ತಿನಲ್ಲೇ ಎಂದು ನನ್ನ ಗುಮಾನಿ.

ಲೋಟದಲ್ಲಿ ಏನಿರಬೇಕು

ಐಸ್ ನೀರು ಉರಿಯನ್ನು ತಗ್ಗಿಸುತ್ತದೆ, ವೆಯ್ಟನ್ನು ಮುಟ್ಟುವುದಿಲ್ಲ. ನೀರು ಬಾಯಲ್ಲಿರುವವರೆಗೆ ನಾಲಿಗೆ ತಂಪಾಗಿ ಕೂಗು ನಿಲ್ಲುತ್ತದೆ. ನುಂಗಿದ ಮೇಲೆ ಬಾಯಿ ಮತ್ತೆ ಮೈಬಿಸಿಗೆ ಮರಳುತ್ತದೆ, ಹಗುರಾದ ವೆಯ್ಟ್ ಮತ್ತೆ ಏಳುತ್ತದೆ. ತೊಳೆದುಕೊಂಡು ಹೋಗಲಿ ಎಂದರೆ ಕ್ಯಾಪ್ಸೈಸಿನ್ ನೀರಿನ ಮಾತು ಕೇಳುವುದಿಲ್ಲ. ಸಾಲದ್ದಕ್ಕೆ, ಅದು ಕಿಂಡಿಯನ್ನು ಹಿಡಿಯುವ ಜಾಗ ಹೊರಮೈಯಲ್ಲಿಲ್ಲ. ನರಕೋಶದ ಜಿಡ್ಡಿನ ಗೋಡೆಯೊಳಗೆ ಇಳಿದು ಒಳಬದಿಯಿಂದ ಹಿಡಿಯುತ್ತದೆ. ಬಾಯಿ ಮುಕ್ಕಳಿಸಿದರೆ ಅಲ್ಲಿಗೆ ತಲುಪುವುದು ಹೇಗೆ?

2019ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಖಾರ ಬೆರೆಸಿದ ಟೊಮೆಟೊ ಪಾನಕವನ್ನು ಜನರಿಗೆ ಕುಡಿಸಿ, ಆಮೇಲೆ ಬೇರೆ ಬೇರೆ ಪಾನೀಯ ಕೊಟ್ಟು ಉರಿ ಇಳಿಯುವುದನ್ನು ಹೋಲಿಸಿದರು. ಗೆದ್ದದ್ದು ಹಾಲು. ಕುತೂಹಲದ ಸಂಗತಿ ಎಂದರೆ, ಕೆನೆ ತೆಗೆದ ಹಾಲೂ ಗಟ್ಟಿ ಹಾಲಿನಷ್ಟೇ ಚೆನ್ನಾಗಿ ಕೆಲಸ ಮಾಡಿತು. ಹಾಲಿನ ಕೊಬ್ಬೇ ಖಾರವನ್ನು ಕರಗಿಸುತ್ತದೆ ಎಂಬ ಹಳೆಯ ವಿವರಣೆ ಇದರಿಂದ ಅಲ್ಲಾಡಿತು. ಹೆಚ್ಚಿನ ಕೆಲಸ ಹಾಲಿನ ಪ್ರೋಟೀನ್ ಕೇಸೀನಿನದು ಎನ್ನುವ ಕಡೆಗೆ ತಕ್ಕಡಿ ವಾಲಿದೆ. ಬಾಯಲ್ಲಿ ಅಲೆಯುತ್ತಿರುವ ಕ್ಯಾಪ್ಸೈಸಿನ್ನನ್ನು ಅದು ಹಿಡಿದು ಹೊಟ್ಟೆಗೆ ಸಾಗಿಸುತ್ತದೆ, ಗೋಡೆಯೊಳಗೆ ಹೊಸದಾಗಿ ಇಳಿಯುವುದು ತಪ್ಪುತ್ತದೆ, ವೆಯ್ಟ್ ಮೆಲ್ಲಗೆ ತನ್ನ ಭಾರಕ್ಕೆ ಮರಳುತ್ತದೆ. ಸಕ್ಕರೆ ಹಾಕಿದ ಹಣ್ಣಿನ ಸ್ವಾದದ ಪಾನಕವೂ ಆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆಯಿತು. ಗ್ಯಾಸ್ ತುಂಬಿದ ಪಾನೀಯಗಳು ಹಿಂದುಳಿದವು. ಕೋಲಾದಲ್ಲಿ ಸಕ್ಕರೆ ಧಾರಾಳವಾಗಿದ್ದರೂ ಹುಳಿ ಅದಕ್ಕೆ ಅಡ್ಡಗಾಲು. ಜೊತೆಗೆ ಗ್ಯಾಸಿನ ಚುರುಗುಟ್ಟುವಿಕೆಯೂ ನೋವಿನ ನರಗಳ ಮೂಲಕವೇ ಬರುವಂಥದ್ದು. ಕಾಂಬೊ ಹೆಸರಿನಲ್ಲಿ ಅನೇಕ ಅಂಗಡಿಗಳು ಖಾರದ ಕೋಳಿಗೆ ಕೋಲಾವನ್ನೇ ಗಂಟು ಹಾಕುವುದು ಗಿರಾಕಿಯ ನಾಲಿಗೆಯನ್ನು ನೋಡಿ ಅಲ್ಲ.

ಉರಿಯ ಬಗ್ಗೆ ಇನ್ನೊಂದು ವಿಚಿತ್ರ. ಬಿಡುವಿಲ್ಲದೆ ತಿನ್ನುತ್ತ ಹೋದರೆ ಖಾರ ತುತ್ತಿನಿಂದ ತುತ್ತಿಗೆ ಏರುತ್ತದೆ. ನಡುವೆ ಹತ್ತು–ಹದಿನೈದು ನಿಮಿಷ ಬಿಟ್ಟು ಮತ್ತೆ ತಿಂದರೆ ಅದೇ ಖಾರ ಮಂಕಾಗಿ ತೋರುತ್ತದೆ. ಒಳನುಗ್ಗಿದ ಕ್ಯಾಲ್ಸಿಯಂ ಕೆಲ ಹೊತ್ತಿನಲ್ಲಿ ಕಿಂಡಿಯನ್ನೇ ಜಡಗೊಳಿಸುವುದು ಇದಕ್ಕೆ ಮುಖ್ಯ ಕಾರಣ. ಹೀಗಾಗಿ ಮಾತಾಡುತ್ತ, ಹಂಚುತ್ತ ತಿನ್ನುವವರಿಗೆ ಖಾರ ಒಲಿಯುತ್ತದೆ. ನಿತ್ಯ ಖಾರ ತಿನ್ನುವವರ ಸಹನೆಗೂ ಈ ಜಡತ್ವವೇ ಒಂದು ಮೂಲ. ಇದರ ಬೆನ್ನು ಹಿಡಿದ ವೈದ್ಯರು ಶೇ. 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಸರ್ಪಸುತ್ತಿನ ನಂತರ ಉಳಿಯುವ ನರದ ನೋವಿಗೆ ಅಂಟಿಸುತ್ತಾರೆ. ಅಮೆರಿಕದಲ್ಲಿ 2009ರಿಂದ ಅದಕ್ಕೆ ಅನುಮತಿ ಇದೆ. ಉರಿಯಿಂದಲೇ ನರವನ್ನು ದಣಿಸಿ ನೋವು ತಗ್ಗಿಸುವ ಉಪಾಯ.

ಬನ್ನಿನೊಳಗಿನ ಹಕ್ಕಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ಕೋಳಿಗೆ ಖಾರ ಎಂದರೇನೆಂದೇ ಗೊತ್ತಿಲ್ಲ. ಬದುಕಿದ್ದಾಗ ಅದರ ಮುಂದೆ ರೀಪರ್ ಮೆಣಸಿನಕಾಯಿ ಇಟ್ಟಿದ್ದರೆ ಟೊಮೆಟೊ ಕುಕ್ಕಿದ ಹಾಗೆ ಕುಕ್ಕಿ ಮುಗಿಸುತ್ತಿತ್ತು. 2002ರಲ್ಲಿ ಜೂಲಿಯಸ್ ಮತ್ತು ಸ್ವೆನ್‌-ಎರಿಕ್ ಯೋರ್ಟ್ ಕೋಳಿಯ ಬಿಸಿಗಿಂಡಿಯನ್ನು ಬೇರ್ಪಡಿಸಿ ಪರೀಕ್ಷಿಸಿದರು. ಸುಡುವ ಬಿಸಿಗೆ ಅದು ಸರಿಯಾಗಿ ತೆರೆಯುತ್ತದೆ. ಕ್ಯಾಪ್ಸೈಸಿನ್ ಸುರಿದರೆ ಮಾತ್ರ ಮಿಸುಕುವುದಿಲ್ಲ. ಕ್ಯಾಪ್ಸೈಸಿನ್ ಕೂರುವ ತಾಣದಲ್ಲಿ ಕೋಳಿಯ ಪ್ರೋಟೀನಿನ ಕಟ್ಟಡ ತುಸು ಬೇರೆ, ಅಷ್ಟೇ ವ್ಯತ್ಯಾಸ.

ಆ ತುಸು ವ್ಯತ್ಯಾಸದ ಮೇಲೆ ಮೆಣಸಿನ ಗಿಡದ ಸಂಸಾರವೇ ನಿಂತಿದೆ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಬೆಳೆಯುವ ಕಾಡುಮೆಣಸಿನಕಾಯಿಗಳನ್ನು ಗಮನಿಸಿದ ಜಾಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ 2001ರಲ್ಲಿ ಇದನ್ನು ತೋರಿಸಿಕೊಟ್ಟರು. ಹಣ್ಣು ತಿಂದು ಹೋಗುತ್ತಿದ್ದವು ಹಕ್ಕಿಗಳು, ಇಲಿಗಳು ಹತ್ತಿರ ಸುಳಿಯುತ್ತಿರಲಿಲ್ಲ. ಖಾರವಿಲ್ಲದ ತಳಿಯ ಹಣ್ಣು ಕೊಟ್ಟಾಗ ಇಲಿಗಳು ತಿಂದವು, ಆದರೆ ಹಲ್ಲಿಗೆ ಸಿಕ್ಕ ಬೀಜ ಒಂದೂ ಮೊಳೆಯಲಿಲ್ಲ. ಹಕ್ಕಿಯ ಹೊಟ್ಟೆ ಹೊಕ್ಕು ಬಂದ ಬೀಜಗಳು ಮೊಳೆತವು. ಬೀಜ ಅರೆಯುವವರನ್ನು ಓಡಿಸಿ, ನುಂಗಿ ದೂರ ಒಯ್ಯುವವರನ್ನು ಕರೆಯುವ ಏರ್ಪಾಡು ಇದು. ಅಳಿಲಿನ ಕಾಟ ತಪ್ಪಿಸಲು ಹಕ್ಕಿಕಾಳಿಗೆ ಖಾರ ಬೆರೆಸಿ ಮಾರುವ ಅಮೆರಿಕದ ಅಂಗಡಿಗಳು ಅದೇ ಉಪಾಯದಿಂದ ಕಾಸು ಮಾಡಿಕೊಳ್ಳುತ್ತಿವೆ.

ಈ ಏರ್ಪಾಡನ್ನು ಕೆಡಿಸಿದ ಸಸ್ತನಿ ಮನುಷ್ಯ. ಮೆಕ್ಸಿಕೋದಲ್ಲಿ ಸುಮಾರು 6,000 ವರ್ಷಗಳ ಹಿಂದೆಯೇ ಮೆಣಸಿನಕಾಯಿ ಬೆಳೆಯಲು ಕಲಿತ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ಕರಾವಳಿಗೂ ಬಂತು. ಓಡಿಸಲೆಂದು ಹುಟ್ಟಿದ ಉರಿಯನ್ನು ಮನುಷ್ಯ ಯಾಕೆ ಪ್ರೀತಿಸುತ್ತಾನೆ? ಮನೋವಿಜ್ಞಾನಿ ಪಾಲ್ ರೋಜಿನ್ ಮೆಕ್ಸಿಕೋದ ಹಳ್ಳಿಯೊಂದರಲ್ಲಿ, ದಿನವೂ ಖಾರದ ಎಂಜಲು ತಿನ್ನುವ ನಾಯಿ ಹಂದಿಗಳನ್ನೂ ಪರೀಕ್ಷಿಸಿದರು. ಆಯ್ಕೆ ಕೊಟ್ಟರೆ ಅವು ಖಾರವಿಲ್ಲದ್ದನ್ನೇ ಬಯಸಿದವು. ಮಕ್ಕಳು ಮಾತ್ರ ದೊಡ್ಡವರ ಜೊತೆ ಕೂತು ತಿನ್ನುತ್ತ ಖಾರಕ್ಕೆ ಒಲಿಯುತ್ತಿದ್ದರು. ಮೈ 'ಅಪಾಯ' ಎಂದು ಕೂಗುತ್ತಿರುವಾಗ ಮನಸ್ಸಿಗೆ ಅಪಾಯವಿಲ್ಲವೆಂದು ಗೊತ್ತಿರುವುದರಲ್ಲೇ ಸುಖವಿದೆ ಎನ್ನುವುದು ರೋಜಿನ್ ವಾದ. ನನಗೆ ಇದು ಒಪ್ಪಿಗೆ. ಸುತ್ತ ನಾಲ್ಕು ಜನ ಇದ್ದಾಗ ಆ ಸುಖ ಹೆಚ್ಚೆಂಬುದನ್ನು ಸ್ಲೈಡರ್ ಮಾರುವವರು ಚೆನ್ನಾಗಿ ಬಲ್ಲರು.

ಆದರೆ 'ಅಪಾಯವಿಲ್ಲ' ಎಂಬ ಮಾತಿಗೂ ಎಲ್ಲೆ ಇದೆ. ಒಂದೇ ಒಂದು ಚಿಪ್ ತಿಂದು ತೋರಿಸಿ ಎಂಬ ಅತಿಖಾರದ ಸವಾಲಿನ ಪೊಟ್ಟಣವನ್ನು, ಹದಿಹರೆಯದ ಹುಡುಗನೊಬ್ಬನ ಸಾವಿನ ಬಳಿಕ, 2023ರಲ್ಲಿ ಅಮೆರಿಕದ ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಏಳನೆಯ ಮೆಟ್ಟಿಲು ಮಕ್ಕಳಿಗಲ್ಲ, ಹೃದಯದ ತೊಂದರೆ ಇರುವವರಿಗೂ ಅಲ್ಲ. ಉಳಿದವರು ಖಾರದ ಟ್ರೇ ತರಿಸುವಾಗ ಕೋಲಾ ಬದಲು ಒಂದು ಮಿಲ್ಕ್‌ಶೇಕನ್ನೋ ಹಾಲನ್ನೋ ಹೇಳಿಬಿಡಿ. ಮೊದಲ ಸ್ಲೈಡರ್ ಆದ ಮೇಲೆ ಹತ್ತು ನಿಮಿಷ ಮಾತಾಡಿ. ತಿಂದ ಕೈಯನ್ನು ಬರೀ ನೀರಿನಲ್ಲಿ ತೊಳೆದರೆ ಸಾಲದು, ಸೋಪು ಹಾಕಿ ಎರಡು ಸಲ ತೊಳೆದುಕೊಂಡ ಮೇಲೆಯೇ ಕಣ್ಣು ಮುಟ್ಟಿ.